ಸಹಾಯ ಬೇಕು: ಅಳಿಲು ಮರಿಗಳಿಗೆ ರಾತ್ರಿ ಹಾಲು ಕುಡಿಸಲು ಜನ ಬೇಕು

ನಮ್ಮ ವನ್ಯಜೀವಿ ಆರೈಕೆ ಕೇಂದ್ರದಲ್ಲಿ ಇನ್ನೂ ಕಣ್ಣು ಬಿಡದ ಅಳಿಲು ಮರಿಗಳಿವೆ. ರಾತ್ರಿಯೂ ಮೂರು ಗಂಟೆಗೊಮ್ಮೆ ಹಾಲು. ಒಂದು ವಾರ ಪಾಳಿಗೆ ಬರುವವರು ಬೇಕು.

ಮೊದಲು ಮರಿ ಬೆಚ್ಚಗಾಗಬೇಕು, ಮೈ ತಣ್ಣಗಿದ್ದರೆ ಹಾಲು ಜೀರ್ಣವಾಗುವುದಿಲ್ಲ. 20 ಗ್ರಾಂ ತೂಗುವ ಮರಿಗೆ ಸಲಕ್ಕೆ ಸುಮಾರು 1 ಮಿ.ಲೀ. ಸೂಜಿ ತೆಗೆದ ಸಿರಿಂಜಿನಲ್ಲಿ ಹನಿಹನಿಯಾಗಿ, ಅಂಗಾತ ಮಲಗಿಸದೆ, ತಲೆ ಮೇಲಿರುವಂತೆ ಹಿಡಿದು ಕುಡಿಸಬೇಕು. ಮೂಗಿನಲ್ಲಿ ಹಾಲಿನ ಗುಳ್ಳೆ ಬಂತೋ, ತಕ್ಷಣ ನಿಲ್ಲಿಸಿ ಒರೆಸಿ, ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯಡಿ ಸವರಿದರೇನೇ ಮೂತ್ರ ಬರುವುದು. ಹೊಸಬರು ಮರೆಯುವುದು ಇದನ್ನೇ!

ಹಸುವಿನ ಹಾಲು ತರಬೇಡಿ, ಭೇದಿಯಾಗುತ್ತದೆ. ಹಳೇ ಫ್ಲಾನೆಲ್ ಬಟ್ಟೆ ಇದ್ದರೆ ಕೊಡಿ. ಟರ್ಕಿ ಟವೆಲ್ ಬೇಡ, ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಬರುವವರು ಯಾವ ರಾತ್ರಿ ಎಂದು ಕೆಳಗೆ ಬರೆಯಿರಿ.