‘ನಿಯಂತ್ರಣ’ ಅಂದರೆ ತಡೆಯುವುದು ಮಾತ್ರವೇ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಕಡೆಯಿಂದ ಬರೆಯುತ್ತಿದ್ದೇನೆ, ಜೀವಶಾಸ್ತ್ರದಲ್ಲಿ ‘ರೆಗ್ಯುಲೇಟ್’ ಅನ್ನುವುದಕ್ಕೆ ಕನ್ನಡದಲ್ಲಿ ಒಂದು ಪದ ಬೇಕಾಗಿದೆ.

ಪಕ್ಕದ ಮನೆಯ ಪ್ಲಸ್ ಟು ಹುಡುಗಿಗೆ ಬ್ಯಾಕ್ಟೀರಿಯಾ ಹೇಗೆ ಈಜುತ್ತವೆ ಅಂತ ಹೇಳಿಕೊಡುತ್ತಿದ್ದೆ. ‘ಕಶಾಂಗದ ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನ್’ ಅಂದೆ. (ಕಶಾಂಗ ಅಂದರೆ ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಂಥ ಅಂಗ.) “ಹಾಗಾದರೆ ಅದು ಇದ್ದರೆ ಕಶಾಂಗ ಬೆಳೆಯುವುದಿಲ್ಲ ಅಲ್ವಾ ಮಾವ?” ಅಂತ ಕೇಳಿದಳು. ಪೂರಾ ಉಲ್ಟಾ! ಆದರೆ ತಪ್ಪು ಅವಳದಲ್ಲ. ಬೆಲೆ ನಿಯಂತ್ರಣ, ಸೊಳ್ಳೆ ನಿಯಂತ್ರಣ, ಅಡಿಕೆಯ ಕೊಳೆರೋಗ ನಿಯಂತ್ರಣ, ನಾವು ದಿನಾ ಕೇಳುವುದೆಲ್ಲ ತಡೆಯುವ ಮಾತೇ.

ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ನಡೆಯುವುದು ಬೇರೆ. ಎಫ್‌ಎಲ್‌ಎಚ್‌ಡಿ, ಎಫ್‌ಎಲ್‌ಎಚ್‌ಸಿ ಎಂಬ ಎರಡು ಪ್ರೋಟೀನ್‌ಗಳು ಜೊತೆ ಸೇರಿ ಕಶಾಂಗ ಕಟ್ಟುವ ಕೆಲಸ ಶುರು ಮಾಡಿಸುತ್ತವೆ. ಗ್ಲೂಕೋಸ್ ಬೇಕಾದಷ್ಟಿದ್ದರೆ ಇವು ಕಡಿಮೆ ತಯಾರಾಗುತ್ತವೆ, ಊಟ ಕಾಲಬುಡದಲ್ಲೇ ಇರುವಾಗ ಸುಮ್ನೆ ಈಜುವುದು ಯಾಕೆ? ಇವು ಬಂದ ಮೇಲೆ ಮೊದಲು ಕಶಾಂಗದ ಬುಡ ಮತ್ತು ಕೊಕ್ಕೆಯ ಜೀನ್‌ಗಳು ಏಳುತ್ತವೆ. ಉದ್ದ ಎಳೆಯ ಜೀನನ್ನು ಎಬ್ಬಿಸಬೇಕಾದ ಎಫ್‌ಎಲ್‌ಐಎ ಎಂಬ ಪ್ರೋಟೀನ್ ಕೂಡ ಆಗಲೇ ತಯಾರಾಗುತ್ತದೆ, ಆದರೆ ಎಫ್‌ಎಲ್‌ಜಿಎಂ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದಿಟ್ಟಿರುತ್ತದೆ. ಕೊಕ್ಕೆ ಪೂರ್ತಿಯಾದಾಗ, ಈಗಷ್ಟೇ ಕಟ್ಟಿದ ಆ ಕೊಳವೆಯ ಒಳಗಿಂದಲೇ ಕೋಶವು ಎಫ್‌ಎಲ್‌ಜಿಎಂ ಅನ್ನು ಹೊರಗೆ ತಳ್ಳುತ್ತದೆ! ಆಮೇಲೆಯೇ ಎಳೆಯ ಪ್ರೋಟೀನ್ ಜಾಸ್ತಿ ತಯಾರಾಗುವುದು. ಪಕ್ಕಾಸು, ರೀಪು ಹೊಡೆದು ಮುಗಿಯುವ ಮೊದಲು ನಾವು ಹಂಚು ತರಿಸುವುದಿಲ್ಲ ಅಲ್ವಾ, ಹಾಗೆ. ನನಗಂತೂ ಇದನ್ನು ಎಷ್ಟು ಸಲ ಹೇಳಿದರೂ ಬೇಸರವಾಗುವುದಿಲ್ಲ.

ಇದರಲ್ಲಿ ಎಬ್ಬಿಸುವುದೂ ಇದೆ, ತಡೆಯುವುದೂ ಇದೆ, ಸರಿಯಾದ ಹೊತ್ತು ಕಾಯುವುದೂ ಇದೆ. ‘ಹತೋಟಿ’ ಅಂದರೂ ಅದೇ ತೊಂದರೆ. ‘ನಿರ್ವಹಣೆ’ ತೀರಾ ಆಫೀಸಿನ ಮಾತು. ನನಗೆ ‘ಉಸ್ತುವಾರಿ’ ಹಿಡಿಸಿದೆ. ಎಲ್ಲಕ್ಕಿಂತ ಮೊದಲು ಬರುವ ಆ ಜೋಡಿಗೆ ‘ಮೇಸ್ತ್ರಿ ಪ್ರೋಟೀನ್’ ಅಂತ ಹೇಳಿದೆ, ಹುಡುಗಿಗೆ ಕೂಡಲೇ ಅರ್ಥವಾಯಿತು. ಆದರೆ ‘ನಿಯಂತ್ರಿಸು’ ಇರುವ ಹಾಗೆ ಒಂದೇ ಕ್ರಿಯಾಪದ ಬೇಕು. ‘ಉಸ್ತುವಾರಿ ನೋಡಿಕೊಳ್ಳು’ ಉದ್ದವಾಯಿತು.

ನಮ್ಮಲ್ಲಿ ಬೇಸಿಗೆಗೆ ತೋಡಿಗೆ ಕಟ್ಟ (ಸಣ್ಣ ಒಡ್ಡು) ಕಟ್ಟುತ್ತಾರೆ. ನೀರನ್ನು ಬೇಕಾದಾಗ ನಿಲ್ಲಿಸಿ ಬೇಕಾದಾಗ ಬಿಡುವ ಕೆಲಸಕ್ಕೆ ನಿಮ್ಮ ಮನೆಮಾತಿನಲ್ಲಿ, ತುಳುವಾಗಲಿ ಹವ್ಯಕವಾಗಲಿ, ಒಂದೇ ಪದ ಇದೆಯೇ? ಹಿರಿಯರನ್ನು ಕೇಳಿ ತಿಳಿಸಿ.