ಬಿಳಿ ಕೋಲಿನ ಹಿಡಿಯೊಳಗಿನ ಕಂಪನ ಮೋಟಾರ್: ಮಿಡಿತಗಳು ಬೆರೆತುಹೋಗುತ್ತಿವೆ, ಮೋಟಾರ್ ಬಾಳಿಕೆ ಬರುತ್ತಿಲ್ಲ

ಕೈಕೋಲು:
ನಮಸ್ಕಾರ. ನನ್ನ ಸೋದರಮಾವನಿಗೆ ದೃಷ್ಟಿ ಪೂರ್ತಿ ಹೋಗಿ ಎರಡು ವರ್ಷವಾಯಿತು. ನೆಲದ ಗುಂಡಿ, ಮೆಟ್ಟಿಲುಗಳನ್ನು ಬಿಳಿ ಕೋಲು ತಿಳಿಸುತ್ತದೆ. ಎದೆಮಟ್ಟದಲ್ಲಿ ತೆರೆದುಕೊಂಡಿರುವ ಕಿಟಕಿ, ನಿಂತ ಲಾರಿಯ ಹಿಂಭಾಗ ಇವು ಅದಕ್ಕೆ ಸಿಕ್ಕುವುದಿಲ್ಲ. ಅದಕ್ಕಾಗಿ ಹಿಡಿಗೆ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವಂಥದು), ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ನಿಯಂತ್ರಕ ಬೋರ್ಡು, 10 ಮಿಲಿಮೀಟರ್ ಅಗಲದ ನಾಣ್ಯದಂಥ ಕಂಪನ ಮೋಟಾರ್ ಜೋಡಿಸಿದ್ದೇನೆ. ಅಡ್ಡಿ ಎರಡು ಮೀಟರ್ ದೂರವಿದ್ದರೆ ನಿಧಾನ ಮಿಡಿತ, ಒಂದು ಮೀಟರ್‌ನೊಳಗೆ ಬಂದರೆ ಬೇಗ ಬೇಗ ಮಿಡಿತ.

ಬೇಗದ ಮಿಡಿತದಲ್ಲಿ 60 ಮಿಲಿಸೆಕೆಂಡ್ ಚಾಲೂ, 60 ಬಂದ್. ಮಾವ ಹೇಳುವುದು: "ಜೇನುಗೂಡು ಹಿಡಿದಂತೆ ಒಂದೇ ಸಮನೆ ಗುಂಯ್ ಎನ್ನುತ್ತದೆ, ಎಣಿಸಲು ಆಗುವುದಿಲ್ಲ." ಇಡೀ ಕೋಲು ನಡುಗುತ್ತದೆ. ನಡುಕ ಕಡಿಮೆಯಾಗಲೆಂದು ಮೋಟಾರಿನ ಅಡಿಗೆ ಸ್ಪಂಜು ಇಟ್ಟೆ, ಬೆರಳಿಗೆ ಇನ್ನೂ ಮಂಕಾಯಿತು. ಒಮ್ಮೊಮ್ಮೆ ಮೋಟಾರ್ ಶುರುವಾದ ಕ್ಷಣವೇ ನ್ಯಾನೊ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಈಗ ಹಾಕಿರುವುದು ಮೂರನೆಯ ಮೋಟಾರ್; ಮೊದಲೆರಡೂ ಮೂರು ವಾರ ದಾಟಲಿಲ್ಲ.

ಬೆಸುಗೆಕಡ್ಡಿ:
ಒಳ್ಳೆಯ ಕೆಲಸ ಕೈಗೆತ್ತಿಕೊಂಡಿದ್ದೀರಿ. ಮೂರು ವಿಷಯ ತಿಳಿಸಿ. ಮೋಟಾರಿಗೆ ಎಷ್ಟು ವೋಲ್ಟ್ ಕೊಡುತ್ತಿದ್ದೀರಿ? ಯಾವುದರ ಮೂಲಕ ಚಾಲನೆ? ಏನು ಹಾಕಿ ಅಂಟಿಸಿದ್ದೀರಿ?

ಕೈಕೋಲು:
2ಎನ್2222 ಟ್ರಾನ್ಸಿಸ್ಟರ್ ಮೂಲಕ ನೇರವಾಗಿ 5 ವೋಲ್ಟ್. ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿಲ್ಲ. ಸೂಪರ್ ಗ್ಲೂ ಹಚ್ಚಿ ಸ್ಪಂಜಿನ ಮೇಲೆ ಕೂರಿಸಿದ್ದೇನೆ.

ಬೆಸುಗೆಕಡ್ಡಿ:
ಹಾಗಿದ್ದರೆ ಕಾರಣಗಳು ಒಂದಲ್ಲ, ಹಲವು. ಮೊದಲು ವೋಲ್ಟೇಜ್. ಈ ನಾಣ್ಯ ಮೋಟಾರ್‌ಗಳು ಸಾಮಾನ್ಯವಾಗಿ 3 ವೋಲ್ಟ್‌ಗೆ ಮಾಡಿದಂಥವು. ವೋಲ್ಟ್ ಏರಿದಂತೆ ಮೋಟಾರ್ ಸುತ್ತುವ ವೇಗ ಏರುತ್ತದೆ, ಕಂಪನದ ಬಲ ಆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಒಂದೂವರೆ ಪಟ್ಟಾದರೆ ಬಲ ಎರಡೂಕಾಲು ಪಟ್ಟು. ನಿಮ್ಮ ಕೋಲು ನಡುಗುತ್ತಿರುವುದಕ್ಕೂ ಒಳಗೆ ಸುತ್ತುವ ಭಾಗಕ್ಕೆ ಕರೆಂಟ್ ದಾಟಿಸುವ ಬ್ರಷ್ ಸವೆಯುತ್ತಿರುವುದಕ್ಕೂ ಇದೇ ಮೂಲ. 5 ವೋಲ್ಟ್‌ನಿಂದ ಪ್ರತ್ಯೇಕ 3.3 ವೋಲ್ಟ್ ರೆಗ್ಯುಲೇಟರ್ ಹಾಕಿ ಮೋಟಾರಿಗೆ ಕೊಡಿ. ನ್ಯಾನೊದ ಮೇಲಿರುವ 3.3 ವೋಲ್ಟ್ ಪಿನ್ನಿನಿಂದ ತೆಗೆಯಬೇಡಿ, ಶುರುವಾಗುವ ಕ್ಷಣದಲ್ಲಿ ಮೋಟಾರ್ ಎಳೆಯುವ ಕರೆಂಟನ್ನು ಅದು ತಾಳಲಾರದು. ರೆಗ್ಯುಲೇಟರಿನ ಹತ್ತಿರ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟರೆ ನ್ಯಾನೊ ಮರುಆರಂಭವಾಗುವುದೂ ನಿಲ್ಲಬೇಕು.

ಮಿಡಿತ ಬೆರೆಯುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕರೆಂಟ್ ಕಡಿದ ಮಾತ್ರಕ್ಕೆ ಒಳಗಿನ ತೂಕ ನಿಲ್ಲುವುದಿಲ್ಲ, ತನ್ನ ಪಾಡಿಗೆ ಸುತ್ತುತ್ತಲೇ ಇರುತ್ತದೆ. 60 ಮಿಲಿಸೆಕೆಂಡಿನಲ್ಲಿ ಅದು ನಿಲ್ಲುವ ಮೊದಲೇ ನೀವು ಮತ್ತೆ ತಳ್ಳುತ್ತಿದ್ದೀರಿ. ಡಯೋಡ್ ಹಾಕಿದರೆ ಬ್ರೇಕ್ ಆಗುತ್ತದೆ ಎಂದು ಹಲವರು ತಿಳಿದಿದ್ದಾರೆ, ಆಗುವುದಿಲ್ಲ. ಡಯೋಡ್ ನುಂಗುವುದು ಸ್ವಿಚ್ ಕಡಿದಾಗ ಏಳುವ ವೋಲ್ಟೇಜ್ ಜಿಗಿತವನ್ನು ಮಾತ್ರ. ಸುತ್ತುತ್ತಿರುವ ಮೋಟಾರ್ ತಾನೇ ಉತ್ಪಾದಿಸುವ ವೋಲ್ಟೇಜಿನ ದಿಕ್ಕು ಸರಬರಾಜಿನ ದಿಕ್ಕೇ ಆಗಿರುವುದರಿಂದ ಅದು ಡಯೋಡ್ ಮೂಲಕ ಹರಿಯುವುದಿಲ್ಲ. ಬ್ರೇಕ್ ಬೇಕೆಂದರೆ ಮೋಟಾರಿನ ಎರಡು ತುದಿಗಳನ್ನೂ ಒಂದಕ್ಕೊಂದು ಸೇರಿಸಬೇಕು. ಟ್ರಾನ್ಸಿಸ್ಟರ್ ತೆಗೆದು ಡಿಆರ್‌ವಿ8833 ಎಂಬ ಮೋಟಾರ್ ಚಾಲಕ ಚಿಪ್ ಹಾಕಿ, 2.7 ವೋಲ್ಟ್‌ನಿಂದಲೇ ಕೆಲಸ ಮಾಡುತ್ತದೆ. ಅದರ ಎರಡೂ ಇನ್‌ಪುಟ್‌ಗೆ ವೋಲ್ಟೇಜ್ ಕೊಟ್ಟರೆ (ಹೈ) ಬ್ರೇಕ್, ಎರಡಕ್ಕೂ ಕೊಡದಿದ್ದರೆ (ಲೋ) ಸುಮ್ಮನೆ ಬಿಟ್ಟಂತೆ. ಪ್ರತಿ ಮಿಡಿತದ ಕೊನೆಗೆ 15 ಮಿಲಿಸೆಕೆಂಡ್ ತಿರುವುಮುರುವು (ಎದುರು ದಿಕ್ಕಿನ ಕರೆಂಟ್) ಕೊಟ್ಟು, ಆಮೇಲೆ ಬ್ರೇಕ್ ಹಿಡಿಯಿರಿ. ತಿರುವುಮುರುವು ಹೆಚ್ಚಾದರೆ ಮೋಟಾರ್ ಹಿಂದಕ್ಕೆ ಸುತ್ತಲು ಶುರುಮಾಡುತ್ತದೆ, ಆದ್ದರಿಂದ ಐದೈದು ಮಿಲಿಸೆಕೆಂಡ್ ಏರಿಸುತ್ತ ಬೆರಳಿಟ್ಟು ನೋಡಿ.

ಸೆನ್ಸರಿನ ಅಳತೆಯನ್ನು ಬ್ರೇಕ್ ಆದ ಮೇಲಿನ ಬಿಡುವಿನಲ್ಲೇ ತೆಗೆದುಕೊಳ್ಳಿ.

ಹಳೇಮೊಬೈಲು:
ಹದಿನೈದು ವರ್ಷ ಮೊಬೈಲ್ ರಿಪೇರಿ ಮಾಡಿದವನು ನಾನು. ಸತ್ತ ಮೋಟಾರನ್ನು ಎಸೆಯದಿದ್ದರೆ ಬ್ಲೇಡಿನಿಂದ ಮುಚ್ಚಳ ಎಬ್ಬಿಸಿ ನೋಡಿ. ಕೆಳಗೆ ಉಂಗುರದ ಆಯಸ್ಕಾಂತ, ಅದರ ನಡುವೆ ಕೂದಲಿನಷ್ಟು ತೆಳುವಾದ ಎರಡು ಬ್ರಷ್, ಮೇಲೆ ಅರ್ಧಚಂದ್ರದಂಥ ರೋಟರ್. ರೋಟರ್ ಮಗುಚಿದರೆ ಚಿನ್ನದ ಬಣ್ಣದ ಪಟ್ಟಿಗಳು ಕಾಣುತ್ತವೆ. ಆ ಪಟ್ಟಿಗಳ ಸಂದಿಯಲ್ಲಿ ಕಪ್ಪು ಪುಡಿ ಕೂತಿದ್ದರೆ ಸವೆತದ ದೋಷ. ಬಿಳಿ ಪೊರೆ ಕಂಡರೆ ಅದು ಸೂಪರ್ ಗ್ಲೂ ಹೊಗೆ. ಆ ಹೊಗೆ ಮುಚ್ಚಳದ ಸಂದಿಯಿಂದ ಒಳಹೊಕ್ಕು ಬ್ರಷ್ ತಾಗುವ ಜಾಗದಲ್ಲೇ ಗಟ್ಟಿಯಾಗುತ್ತದೆ. ನಾನೇ ಹಾಗೆ ಕೆಡಿಸಿದ ಮೋಟಾರ್‌ಗಳಿವೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಕೂಡ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಸ್ಪಂಜು ಇಟ್ಟಿರುವ ಜಾಗವೇ ತಲೆಕೆಳಗಾಗಿದೆ. ಮೋಟಾರ್ ಬೆರಳಿಗೆ ಗಟ್ಟಿಯಾಗಿ ಅಂಟಿರಬೇಕು, ಮೆತ್ತನೆಯದು ಇರಬೇಕಾದದ್ದು ಅದರ ಆಚೆ. ತೆಳು ಅಲ್ಯೂಮಿನಿಯಂ ಪಟ್ಟಿಗೆ ಮೋಟಾರನ್ನು ತೆಳುವಾದ ಡಬಲ್ ಸೈಡ್ ಟೇಪಿನಿಂದ ಅಂಟಿಸಿ, ಆ ಪಟ್ಟಿ ಬೆರಳಿಗೆ ತಾಗಲಿ. ಪಟ್ಟಿಗೂ ಹಿಡಿಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಡಿ. ನ್ಯಾನೊ ಬೋರ್ಡಿನ ಅಡಿಗೂ ಇನ್ನೊಂದು ತುಂಡು. ಸ್ಕ್ರೂ ಹಾಕಿ ಬಿಗಿದರೆ ಅದೇ ಸ್ಕ್ರೂ ನಡುಕವನ್ನು ದಾಟಿಸಿಬಿಡುತ್ತದೆ, ದಾರದಿಂದ ಕಟ್ಟಿ.

ಇನ್ನು ವೈರು. ಎಷ್ಟೋ ಮೋಟಾರ್ ಸಾಯುವುದು ಬ್ರಷ್‌ನಿಂದಲ್ಲ, ಬೆಸುಗೆಯ ಬುಡದಲ್ಲಿ ವೈರು ಮಡಚಿ ಮುರಿದು. ವೈರಿಗೆ ಒಂದು ಸಡಿಲ ಕುಣಿಕೆ ಬಿಟ್ಟು, ಬುಡದಿಂದ ಅರ್ಧ ಸೆಂಟಿಮೀಟರ್ ದೂರದಲ್ಲಿ ಪಟ್ಟಿಗೇ ಅಂಟಿಸಿ. ಆಗ ವೈರೂ ಮೋಟಾರೂ ಒಟ್ಟಿಗೆ ನಡುಗುತ್ತವೆ.

ಕೈಕೋಲು:
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಸತ್ತ ಎರಡನ್ನೂ ಬಿಚ್ಚಿದೆ. ಒಂದರಲ್ಲಿ ಕಪ್ಪು ಪುಡಿ. ಇನ್ನೊಂದರಲ್ಲಿ ನೀವು ಹೇಳಿದ ಬಿಳಿ ಪೊರೆ, ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಎದ್ದಿತು. ಈಗ 3.3 ವೋಲ್ಟ್, ಡಿಆರ್‌ವಿ8833, ಟ್ಯೂಬಿನ ತುಂಡು ಎಲ್ಲವೂ ಬಂದಿವೆ. 80 ಮಿಲಿಸೆಕೆಂಡ್ ಚಾಲೂ, 20 ತಿರುವುಮುರುವು, ಆಮೇಲೆ 120 ಬ್ರೇಕ್. 25 ಕೊಟ್ಟಾಗ ಹಿಂದಕ್ಕೆ ಒಂದು ಸಣ್ಣ ಒದೆತ ಬೆರಳಿಗೆ ತಿಳಿಯುತ್ತಿತ್ತು. ನ್ಯಾನೊ ಒಮ್ಮೆಯೂ ಮರುಆರಂಭವಾಗಿಲ್ಲ.

ಮಾವ ಅಂಗಳದಲ್ಲಿ ನಡೆದು ನೋಡಿದರು. ತೆರೆದ ಗೇಟಿನ ಹತ್ತಿರ ಬಂದಾಗ ನಿಂತು, "ಒಂದು, ಎರಡು, ಮೂರು" ಎಂದು ಮಿಡಿತ ಎಣಿಸಿದರು. ನನಗೆ ಗಂಟಲು ಕಟ್ಟಿತು. ಒಂದು ತಪ್ಪನ್ನು ಅವರೇ ಹಿಡಿದರು. ನಾನು ಪಟ್ಟಿಯನ್ನು ಹೆಬ್ಬೆರಳಿನ ಅಡಿಗೆ ಇಟ್ಟಿದ್ದೆ. ಕೋಲು ಹಿಡಿಯುವಾಗ ಅವರು ತೋರುಬೆರಳನ್ನು ಹಿಡಿಯ ಉದ್ದಕ್ಕೂ ಚಾಚುತ್ತಾರೆ, ನೆಲದ ಸುದ್ದಿ ಅವರಿಗೆ ಬರುವುದು ಆ ಬೆರಳಿಗೆ. ಇವತ್ತು ಸಂಜೆ ಪಟ್ಟಿಯನ್ನು ಅಲ್ಲಿಗೆ ಸರಿಸುತ್ತೇನೆ. ನೆಲದ ತಟ್ಟುವಿಕೆಗೂ ಮೋಟಾರಿನ ಮಿಡಿತಕ್ಕೂ ಒಂದೇ ಬೆರಳಾದರೆ ಗೊಂದಲವಾದೀತೇ, ಯಾರಾದರೂ ಮಾಡಿ ನೋಡಿದ್ದರೆ ತಿಳಿಸಿ.