ಅಪ್ಪನ ಯೆಜ್ಡಿ ಟ್ಯಾಂಕ್ ಸೋರುತ್ತಿದೆ, ಗ್ಯಾಸ್ ವೆಲ್ಡಿಂಗ್ ಮಾಡಿಸಬಹುದಾ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಮಸ್ಕಾರ ಅಣ್ಣ. ಅಪ್ಪನ 1986ರ ಯೆಜ್ಡಿ ರೋಡ್‌ಕಿಂಗ್ ಬೈಕ್ ನಮ್ಮ ಮನೆಯಲ್ಲಿದೆ. ಅಪ್ಪ ಹೋಗಿ ಎರಡು ವರ್ಷವಾಯಿತು. ಅಲ್ಲಿಂದ ಗಾಡಿ ಕೊಟ್ಟಿಗೆಯಲ್ಲೇ ನಿಂತಿತ್ತು. ಹೋದ ತಿಂಗಳು 2 ಲೀಟರ್ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಕೊಟ್ಟಿಗೆ ತುಂಬ ವಾಸನೆ, ಇಂಜಿನ್ ಮೇಲೆ ಜಿಡ್ಡು. ಇಲ್ಲಿನ ಒಬ್ಬ ಮೆಕ್ಯಾನಿಕ್ ಎರಡು ಪೇಸ್ಟ್ ಕಲಸಿ ಹೊರಗಿನಿಂದ ಹಚ್ಚಿಕೊಟ್ಟರು. ಎಂಟು ದಿನಕ್ಕೆ ಮತ್ತೆ ತೊಟ್ಟಿಕ್ಕಲು ಶುರುವಾಯಿತು. ಇನ್ನೊಬ್ಬರು "ಒಂದು ವಾರ ಬಿಸಿಲಲ್ಲಿ ಒಣಗಿಸಿ ತನ್ನಿ, ಗ್ಯಾಸ್ ಹಿಡಿದು ಮುಚ್ಚಿಕೊಡ್ತೀನಿ" ಅಂದಿದ್ದಾರೆ. ಬೇರೆ ಟ್ಯಾಂಕ್ ಹಾಕಿಸಿಬಿಡು ಅಂತ ನಮ್ಮಣ್ಣ ಹೇಳುತ್ತಾನೆ. ಆದರೆ ಈ ಟ್ಯಾಂಕಿನ ಎರಡೂ ಬದಿಯಲ್ಲಿ ಅಪ್ಪನ ಮೊಣಕಾಲು ತಾಗಿ ತಾಗಿ ಬಣ್ಣ ಸವೆದಿದೆ. ನನಗೆ ಇದೇ ಟ್ಯಾಂಕ್ ಬೇಕು. ಏನು ಮಾಡಲಿ?

ಉತ್ತರ (ಮೈಸೂರು, 31 ವರ್ಷದಿಂದ ಟ್ಯಾಂಕ್ ಮತ್ತು ಗ್ಯಾಸ್ ವೆಲ್ಡಿಂಗ್ ಕೆಲಸ)

ತಂಗಿ, ಟ್ಯಾಂಕ್ ಉಳಿಯುತ್ತದೆ, ಯೋಚನೆ ಮಾಡಬೇಡಿ. ಆದರೆ ಬಿಸಿಲಲ್ಲಿ ಒಣಗಿಸಿದ ಟ್ಯಾಂಕಿಗೆ ನೇರ ಗ್ಯಾಸ್ ಹಿಡಿಯುತ್ತೇನೆ ಅಂದವರಿಗೆ ಮಾತ್ರ ದಯವಿಟ್ಟು ಕೊಡಬೇಡಿ. ಉಳಿದದ್ದೆಲ್ಲ ಆಮೇಲೆ.

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿಗೇ ನಾವು ಜಾಸ್ತಿ ಹೆದರುತ್ತೇವೆ. ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ. ಗಾಳಿಯಲ್ಲಿ ಅದು ಸುಮಾರು ಶೇ. 1.4ರಿಂದ 7.6ರಷ್ಟು ಬೆರೆತಿದ್ದರೆ ಕಿಡಿ ತಾಗಿದ ಕೂಡಲೇ ಸಿಡಿಯುತ್ತದೆ. ನಿಮ್ಮ ಟ್ಯಾಂಕಿನಷ್ಟು ಜಾಗ ತುಂಬಲು ಒಂದು ಟೀ ಚಮಚ ಪೆಟ್ರೋಲ್ ಸಾಕು. ಆ ಒಂದು ಚಮಚ ತುಕ್ಕಿನ ಪದರದಲ್ಲೋ ತಗಡಿನ ಜೋಡಣೆಯ ಸಂದಿಯಲ್ಲೋ ಸೇರಿಕೊಂಡಿರುತ್ತದೆ. ವಾರ ಬಿಸಿಲಿಗಿಟ್ಟರೂ ಪೂರ್ತಿ ಹೋಯಿತು ಅಂತ ಹೇಳಲಾಗುವುದಿಲ್ಲ. ನಿಮ್ಮದು ಟೂ ಸ್ಟ್ರೋಕ್ ಗಾಡಿ ಬೇರೆ. ಪೆಟ್ರೋಲ್ ಆರಿದರೂ ಅದರ ಜೊತೆ ಬೆರೆಸಿದ ಆಯಿಲ್ ಆರುವುದಿಲ್ಲ. ಒಳಗೆ ಅಂಟಿಕೊಂಡೇ ಇರುತ್ತದೆ. ಹೊರಗಿನಿಂದ ಜ್ವಾಲೆ ಬಿದ್ದಾಗ ಅದೇ ಕಾದು ಹೊಗೆಯಾಗಿ ಏಳುತ್ತದೆ. ಮೂಗಿಗೆ ವಾಸನೆ ಬರುತ್ತಿಲ್ಲ ಅನ್ನುವುದನ್ನು ನಂಬಬಾರದು.

ನಾನು ಕೆಲಸ ಕಲಿಯುತ್ತಿದ್ದಾಗ ಇದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮೇಸ್ತ್ರಿ ಹತ್ತು ದಿನ ಮಾಡಿನ ಮೇಲೆ ಒಣಗಿದ ಟ್ಯಾಂಕ್ ತೆಗೆದುಕೊಂಡು, ಮುಚ್ಚಳ ತೆಗೆದಿದೆ ಅನ್ನುವ ಧೈರ್ಯದಲ್ಲಿ ಜ್ವಾಲೆ ಹಿಡಿದರು. ಸದ್ದು ಬಂದಾಗ ನಾನು ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ. ಟ್ಯಾಂಕಿನ ತಳ ಪೂರಿಯ ಹಾಗೆ ಉಬ್ಬಿ ಜೋಡಣೆ ಬಿಟ್ಟುಕೊಂಡಿತ್ತು. ಅವರ ಬಲಗೈ ಮುಂಗೈವರೆಗೆ ಸುಟ್ಟಿತು. ಜೀವ ಉಳಿಯಿತು. ಆ ಕೈಯಲ್ಲಿ ಅವರು ಮತ್ತೆ ಟಾರ್ಚ್ ಹಿಡಿಯಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ನಿಮ್ಮ ಗಾಡಿಗೆ ಬರೋಣ. ಸೋರುತ್ತಿರುವುದು ಟ್ಯಾಂಕೇನಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ನನ್ನ ಹತ್ತಿರ ಬರುವ ಎಷ್ಟೋ ಟ್ಯಾಂಕ್‌ಗಳಲ್ಲಿ ತೂತೇ ಇರುವುದಿಲ್ಲ. ಪೆಟ್ರೋಲ್ ಕಾಕ್‌ನ (ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡುವ ನಲ್ಲಿ) ವಾಷರ್ ಒಣಗಿ ಬಿರಿದಿರುತ್ತದೆ, ಇಲ್ಲವೇ ಕಾರ್ಬ್ಯುರೇಟರ್ ಉಕ್ಕುತ್ತಿರುತ್ತದೆ. ಕಾಕ್ ಮುಚ್ಚಿ ರಾತ್ರಿ ಬಿಡಿ. ಆಗಲೂ ಸೋರಿದರೆ ಕಾರ್ಬ್ಯುರೇಟರ್ ತಪ್ಪಲ್ಲ. ಆಮೇಲೆ ಟ್ಯಾಂಕಿನ ತಳ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ಪುಡಿ ಮಾಡಿ ಸವರಿ. ಅರ್ಧ ಗಂಟೆಯಲ್ಲಿ ಎಲ್ಲಿ ಒದ್ದೆ ಗೆರೆ ಮೂಡುತ್ತದೋ ಅದರ ಮೇಲ್ತುದಿಯೇ ತೂತು. ಕೆಳಗೆ ಹನಿ ಬೀಳುವ ಜಾಗ ನೋಡಿ ಮೋಸ ಹೋಗಬೇಡಿ. ಪೆಟ್ರೋಲ್ ತಗಡಿನ ಅಂಚು ಹಿಡಿದು ಎಲ್ಲೋ ಹರಿದು ಎಲ್ಲೋ ಬೀಳುತ್ತದೆ. ಇದನ್ನೆಲ್ಲ ಬಯಲಲ್ಲಿ ಮಾಡಿ. ಕೊಟ್ಟಿಗೆಯಲ್ಲಿ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ಪಕ್ಕದ ಬಚ್ಚಲ ಒಲೆಯವರೆಗೂ ಹೋಗುತ್ತದೆ.

ಪ್ರಶ್ನೆ (ಅವರೇ)

ಅಣ್ಣ, ಸೀಮೆಸುಣ್ಣ ಹಚ್ಚಿ ನೋಡಿದೆ. ಕಾಕ್ ಸರಿ ಇದೆ. ಎಡಗಡೆ, ಹಿಂದಿನ ಮೂಲೆಯಲ್ಲಿ, ತಳದ ಜೋಡಣೆಗೆ ಒಂದು ಬೆರಳು ಮೇಲೆ ಒದ್ದೆಯಾಯಿತು. ಅಲ್ಲೇ ಯಾಕೆ?

ಉತ್ತರ

ನೀವು ಹೇಳುವ ಮೊದಲೇ ಅದೇ ಮೂಲೆ ಅಂದುಕೊಂಡಿದ್ದೆ. ಗಾಡಿ ಎರಡು ವರ್ಷ ಸೈಡ್ ಸ್ಟ್ಯಾಂಡಿನಲ್ಲಿ ಎಡಕ್ಕೆ ವಾಲಿ ನಿಂತಿತ್ತು ಅಲ್ವಾ? ಅರೆ ಖಾಲಿ ಟ್ಯಾಂಕಿನೊಳಗೆ ಗಾಳಿ ಇರುತ್ತದೆ. ನಿಮ್ಮ ಕಡೆಯ ಮಳೆಗಾಲದ ಗಾಳಿಯಲ್ಲಿ ಎಷ್ಟು ಪಸೆ ಅಂತ ನಿಮಗೇ ಗೊತ್ತು. ರಾತ್ರಿ ತಗಡು ತಣ್ಣಗಾದಾಗ ಅದು ಒಳಗೆ ಬೆವರಿನ ಹಾಗೆ ಕೂರುತ್ತದೆ. ನೀರು ಪೆಟ್ರೋಲಿಗಿಂತ ಭಾರ. ಇಳಿದು ತಗ್ಗಾದ ಮೂಲೆಗೆ ಹೋಗಿ ನಿಲ್ಲುತ್ತದೆ. ಕಾಕ್‌ನ ಕೊಳವೆಯ ಬಾಯಿ ತಳಕ್ಕಿಂತ ಸ್ವಲ್ಪ ಮೇಲಿರುವುದರಿಂದ ಆ ನೀರು ಹೊರಗೆ ಬರುವುದೇ ಇಲ್ಲ. ಅಲ್ಲೇ ಕೂತು ತಗಡು ತಿನ್ನುತ್ತದೆ.

ಅಂದರೆ ಕೊರೆದದ್ದು ಒಳಗಿನಿಂದ. ಹೊರಗೆ ಸಾಸಿವೆಯಷ್ಟು ತೂತು ಕಂಡರೆ ಒಳಗೆ ಅದರ ಸುತ್ತ ರೂಪಾಯಿಯಗಲ ತಗಡು ಕಾಗದದಷ್ಟು ತೆಳ್ಳಗಾಗಿರುತ್ತದೆ. ಹೊರಗೆ ಹಚ್ಚಿದ ಪೇಸ್ಟ್ ನಿಲ್ಲದಿದ್ದುದಕ್ಕೆ ಇದೇ ಕಾರಣ. ಜಿಡ್ಡು, ಬಣ್ಣ, ತುಕ್ಕಿನ ಮೇಲೆ ಅದು ಹಿಡಿಯುವುದಿಲ್ಲ. ಹಿಡಿದರೂ ಪಕ್ಕದ ತೆಳು ಜಾಗ ಇವತ್ತಲ್ಲ ನಾಳೆ ಬಿಡುತ್ತದೆ.

ಹಾಗಾಗಿ ಮೊದಲು ಒಳಗಿನ ತುಕ್ಕು ತೆಗೆಯಬೇಕು, ಆಮೇಲೆ ತೂತು ಮುಚ್ಚಬೇಕು. ಜನ ಉಲ್ಟಾ ಮಾಡುತ್ತಾರೆ. ಒಂದು ತೂತು ಮುಚ್ಚಿಸಿ ಆಮೇಲೆ ಆ್ಯಸಿಡ್ ಹಾಕುತ್ತಾರೆ. ಆಗ ಇನ್ನೂ ಮೂರು ತೂತು ಬಾಯಿ ಬಿಡುತ್ತವೆ.

ಪ್ರಶ್ನೆ (ದಾವಣಗೆರೆಯಿಂದ)

ಗುರುಗಳೇ, ನಮ್ಮ ಕಡೆ ಬಟ್ಟೆ ಸೋಪು ತಿಕ್ಕಿದರೆ ಸೋರುವುದು ನಿಲ್ಲುತ್ತದೆ ಅಂತಾರೆ. ನಿಜವಾ?

ಉತ್ತರ

ನಿಜ. ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಮನೆ ಮುಟ್ಟಿಸುತ್ತದೆ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಅದಕ್ಕೇ ನಿಲ್ಲುತ್ತದೆ. ಮಳೆ ಬಂದರೆ ಕರಗಿಹೋಗುತ್ತದೆ. ಮನೆ ಮುಟ್ಟಿದ ಮೇಲೆ ಟ್ಯಾಂಕ್ ಇಳಿಸಿ.

ಪ್ರಶ್ನೆ (ಹುಬ್ಬಳ್ಳಿಯಿಂದ)

ಸರ್, ತುಕ್ಕು ತೆಗೆಯಲು ನಾನು ಬಾತ್‌ರೂಮ್ ಆ್ಯಸಿಡ್ ಹಾಕಿ ಜಲ್ಲಿ ಕಲ್ಲು ತುಂಬಿ ಅಲುಗಾಡಿಸಿದ್ದೆ. ಪಳಪಳ ಅಂದಿತು. ಮಾರನೇ ದಿನ ಮತ್ತೆ ಕೆಂಪು. ಎಲ್ಲಿ ತಪ್ಪಿದೆ?

ಉತ್ತರ

ಬಾತ್‌ರೂಮ್ ಆ್ಯಸಿಡ್ ಅಂದರೆ ಹೈಡ್ರೋಕ್ಲೋರಿಕ್. ತುಕ್ಕು ಮುಗಿದ ಮೇಲೆ ಅದು ನಿಲ್ಲುವುದಿಲ್ಲ, ಒಳ್ಳೆಯ ತಗಡನ್ನೂ ತಿನ್ನುತ್ತದೆ. ಜೋಡಣೆಯ ಸಂದಿಗೆ ಹೋದದ್ದು ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ. ಅದೇ ನಿಮಗೆ ಮಾರನೇ ದಿನ ಕೆಂಪಾದದ್ದು. ಹಳೆಯ ತಗಡಿಗೆ ಅದು ಬೇಡವೇ ಬೇಡ.

ನಾನು ಬಳಸುವುದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್. ಮೊದಲು ಬಿಸಿ ನೀರು, ವಾಷಿಂಗ್ ಸೋಡಾ ಹಾಕಿ ಮೂರ್ನಾಲ್ಕು ಸಲ ತೊಳೆದು ಆಯಿಲ್ ತೆಗೆಯುತ್ತೇನೆ. ಜಿಡ್ಡು ಇದ್ದರೆ ಯಾವ ಆ್ಯಸಿಡ್ಡೂ ತುಕ್ಕು ಮುಟ್ಟುವುದಿಲ್ಲ. ಕಾಕ್ ಬಿಚ್ಚಿ ಆ ಜಾಗಕ್ಕೆ ಬೋಲ್ಟ್ ಹಾಕಬೇಕು. ಲೀಟರ್ ನೀರಿಗೆ 50ರಿಂದ 100 ಗ್ರಾಂ ನಿಂಬೆ ಉಪ್ಪು, ನೀರು ಬಿಸಿ ಇದ್ದರೆ ಬೇಗ ಕೆಲಸ. ಕಂಠದವರೆಗೂ ತುಂಬಿ ಒಂದು ರಾತ್ರಿ ಬಿಡಿ. ಮುಚ್ಚಳ ಬಿಗಿಯಬೇಡಿ. ಆ್ಯಸಿಡ್ ತಗಡಿಗೆ ತಾಗಿದಾಗ ಹೈಡ್ರೋಜನ್ ಏಳುತ್ತದೆ, ಅದೂ ಹೊತ್ತಿಕೊಳ್ಳುವ ಗ್ಯಾಸೇ. ಹತ್ತಿರ ಬೀಡಿ ಸಿಗರೇಟ್ ಬೇಡ.

ಜಲ್ಲಿಗಿಂತ ಒಂದು ಮೊಳ ಸಣ್ಣ ಚೈನ್ ಒಳ್ಳೆಯದು. ತುದಿಗೆ ತಂತಿ ಕಟ್ಟಿ ಇಳಿಸಿದರೆ ಎಳೆದು ತೆಗೆಯಬಹುದು. ಜಲ್ಲಿ ಚೂರು ಒಳಗೆ ಉಳಿದರೆ ಕಾಕ್‌ಗೆ ಬಂದು ಸಿಕ್ಕಿಕೊಳ್ಳುತ್ತದೆ. ಚೈನ್ ಆಡಿಸುವುದು ತೊಳೆದ ಮೇಲೆ, ನೀರು ಇದ್ದಾಗ. ಪೆಟ್ರೋಲ್ ವಾಸನೆ ಇರುವ ಒಣ ಟ್ಯಾಂಕಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯಬಾರದು.

ನಿಂಬೆ ಉಪ್ಪಿನ ನೀರು ತೆಗೆದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆಯಿರಿ, ಮತ್ತೆ ಬರೀ ನೀರು, ಕೂಡಲೇ ಹೇರ್ ಡ್ರೈಯರ್ ಬಿಸಿ ಗಾಳಿ. ಡ್ರೈಯರ್ ಒಳಗೆ ಕೆಂಪಗೆ ಕಾಯುವ ತಂತಿ ಇದೆ. ಹಾಗಾಗಿ ಪೆಟ್ರೋಲ್ ಪೂರ್ತಿ ತೊಳೆದುಹೋದ ಮೇಲೆ ಮಾತ್ರ ಅದು. ಇಲ್ಲಿ ತಡ ಮಾಡಿದರೆ ಗಂಟೆಯೊಳಗೆ ಹೊಸ ತುಕ್ಕು ಮೂಡುತ್ತದೆ.

ಪ್ರಶ್ನೆ (ತೀರ್ಥಹಳ್ಳಿಯವರೇ)

ಆಮೇಲೆ ತೂತು ಮುಚ್ಚಿಸುವುದು ಹೇಗೆ? ಯಾರ ಹತ್ತಿರ ಹೋದರೂ ಏನು ಕೇಳಿ ಕೊಡಬೇಕು?

ಉತ್ತರ

ಒಳ್ಳೆಯ ಪ್ರಶ್ನೆ. "ನೀರು ತುಂಬಿ ಮಾಡ್ತೀರಾ?" ಅಂತ ಕೇಳಿ. ಹೂಂ ಅಂದರೆ ಮಾತ್ರ ಟ್ಯಾಂಕ್ ಕೈಗೆ ಕೊಡಿ.

ತೂತು ಮೇಲಕ್ಕೆ ಬರುವ ಹಾಗೆ ಟ್ಯಾಂಕ್ ತಿರುಗಿಸಿ ಇಡುತ್ತೇವೆ. ತೂತಿನಿಂದ ಹೆಬ್ಬೆರಳಗಲ ಕೆಳಗಿನವರೆಗೆ ನೀರು ತುಂಬುತ್ತೇವೆ. ಮುಚ್ಚಳದ ಬಾಯಿ ನೀರಿನೊಳಗೆ ಹೋಗುವಂತಿದ್ದರೆ ಅದನ್ನು ಮುಚ್ಚಿ, ಕಾಕ್‌ನ ತೂತನ್ನಾದರೂ ತೆರೆದು ಬಿಡುತ್ತೇವೆ. ಗಾಳಿಗೆ ಹೊರಗೆ ಹೋಗಲು ದಾರಿ ಇರಲೇಬೇಕು. ಹೀಗೆ ಮಾಡಿದರೆ ಆವಿ ಸೇರುವುದಕ್ಕೆ ಒಳಗೆ ಹೆಚ್ಚು ಜಾಗ ಇರುವುದಿಲ್ಲ. ನೀರು ತೂತಿಗೆ ತಾಗಿಕೊಂಡೇ ಇದ್ದರೂ ಆಗುವುದಿಲ್ಲ, ಬಿಸಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ, ಬೆಸುಗೆಯ ಪಿತ್ತಳೆ ಕರಗಿ ಕೂರುವುದಿಲ್ಲ.

ಆ ಜಾಗವನ್ನು ಮೊಳೆಯಿಂದ ಒತ್ತಿ ನೋಡುತ್ತೇವೆ. ಮೊಳೆ ಒಳಕ್ಕೆ ಇಳಿದರೆ ಅಲ್ಲಿ ಮುಚ್ಚಿ ಪ್ರಯೋಜನವಿಲ್ಲ. ತೆಳ್ಳಗಾದಷ್ಟನ್ನೂ ಕತ್ತರಿಯಲ್ಲಿ ಕತ್ತರಿಸಿ ತೆಗೆದು, ಅದೇ ದಪ್ಪದ ತಗಡಿನ ತುಂಡು ಕೂರಿಸಿ ಸುತ್ತ ಪಿತ್ತಳೆ ಬೆಸುಗೆ ಹಾಕಬೇಕು. ಗ್ರೈಂಡರ್ ಹಿಡಿಯಬಾರದು, ಕಿಡಿ. ಆರ್ಕ್ ವೆಲ್ಡಿಂಗ್ ಇಂಥ ತಗಡಿಗೆ ಆಗದು, ಸುಟ್ಟು ದೊಡ್ಡ ತೂತಾಗುತ್ತದೆ. ಸುತ್ತಲಿನ ತಗಡು ಗಟ್ಟಿ ಇದ್ದು ಬರೀ ಸೂಜಿ ತೂತಾದರೆ ಸೀಸ, ತವರದ ಬೆಸುಗೆಯೇ ಸಾಕು. ಅದು 183 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತದೆ. ಕಾದ ತಾಮ್ರದ ಸೋಲ್ಡರಿಂಗ್ ಐರನ್‌ನಲ್ಲಿ ಆಗುವ ಕೆಲಸ, ಜ್ವಾಲೆ ಟ್ಯಾಂಕಿಗೆ ತಾಗಬೇಕಾಗಿಲ್ಲ. ಹಳೆಯ ಟಿಂಕರ್‌ಗಳು ಇದನ್ನು ಚೆನ್ನಾಗಿ ಮಾಡುತ್ತಾರೆ. ಪೆಟ್ರೋಲ್ ಆ ಬೆಸುಗೆಯನ್ನು ಕರಗಿಸುವುದಿಲ್ಲ. ನಾನಾದರೆ ಸಣ್ಣ ತೂತಿಗೆ ಇದನ್ನೇ ಆರಿಸುತ್ತೇನೆ.

ಇನ್ನು ಪರೀಕ್ಷೆ. ಎಲ್ಲ ಬಾಯಿ ಮುಚ್ಚಿ, ಸೈಕಲ್ ಪಂಪಿನಲ್ಲಿ ಎರಡು ಮೂರು ಸಲ ಗಾಳಿ ಹೊಡೆದು ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಗೊತ್ತಾಗುತ್ತದೆ. ಕಂಪ್ರೆಸರ್ ಹಾಕಬಾರದು, ಟ್ಯಾಂಕ್ ಉಬ್ಬಿಬಿಡುತ್ತದೆ.

ಬೇರೆ ಟ್ಯಾಂಕ್ ಬಗ್ಗೆ ನಿಮ್ಮಣ್ಣನಿಗೆ ಒಂದು ಮಾತು. ಯೆಜ್ಡಿ ಮಾಡುತ್ತಿದ್ದ ನಮ್ಮ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಇವತ್ತು ಸಿಗುವ ಅಸಲಿ ಟ್ಯಾಂಕ್ ಕೂಡ ನಿಮ್ಮದರ ಹಾಗೇ ಹಳೆಯದು, ಅದರ ಒಳಗೇನಿದೆ ಅಂತ ಕೊಂಡ ಮೇಲೆ ಗೊತ್ತಾಗುವುದು. ನಿಮ್ಮ ಟ್ಯಾಂಕಿನ ತಗಡು ಈಗಿನ ಅಗ್ಗದ ನಕಲಿಗಿಂತ ದಪ್ಪ. ಮೂಲೆಯೊಂದು ಬಿಟ್ಟರೆ ಉಳಿದದ್ದು ಗಟ್ಟಿ ಇರುತ್ತದೆ ಅನ್ನುವ ನಂಬಿಕೆ ನನಗಿದೆ.

ಪ್ರಶ್ನೆ (ಮಂಡ್ಯದಿಂದ)

ಅಣ್ಣ, ಬೆಸುಗೆ ಯಾಕೆ? ಒಳಗೆ ಲೈನಿಂಗ್ (ಒಳಮೈಗೆ ಸುರಿದು ಒಣಗಿಸುವ ಲೇಪ) ಹಾಕಿಸಿದರೆ ಸಾಲದಾ? ಈಗಿನ ಪೆಟ್ರೋಲ್ ಬೇರೆ ಹಾಳು ಅಂತಾರೆ.

ಉತ್ತರ

ಲೈನಿಂಗ್ ತಗಡಿಗೆ ಅಂಗಿ ಇದ್ದ ಹಾಗೆ. ತಗಡು ಗಟ್ಟಿ ಇದ್ದರೆ ಕಾಪಾಡುತ್ತದೆ. ತಗಡೇ ಇಲ್ಲದ ಕಡೆ ಅದೊಂದೇ ನಿಲ್ಲುವುದಿಲ್ಲ. ಬೆಸುಗೆ ಆದ ಮೇಲೆ ಹಾಕಿಸಿದರೆ ಒಳ್ಳೆಯದು. ಆದರೆ ಟ್ಯಾಂಕ್ ಎಲುಬಿನಷ್ಟು ಒಣಗಿರಬೇಕು, ಒಂದು ಹನಿ ಆಯಿಲ್ ಇರಬಾರದು. ಇಲ್ಲದಿದ್ದರೆ ವರ್ಷದೊಳಗೆ ಹಪ್ಪಳದ ಹಾಗೆ ಎದ್ದು ಕಾರ್ಬ್ಯುರೇಟರಿಗೆ ಬಂದು ಸೇರುತ್ತದೆ. ಅದನ್ನು ಕಿತ್ತು ತೆಗೆಯುವುದು ತುಕ್ಕು ತೆಗೆಯುವುದಕ್ಕಿಂತ ಕಷ್ಟ.

ಪೆಟ್ರೋಲಿನ ಮಾತು ಸರಿ. ಈಗ ಬಂಕಿನಲ್ಲಿ ಬರುವುದು ಶೇ. 20 ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯ ಪಸೆ ಹೀರಿಕೊಳ್ಳುತ್ತದೆ. ನೀರು ಜಾಸ್ತಿ ಆದರೆ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಹಳೆಯ ರಬ್ಬರ್ ವಾಷರ್, ಪೈಪ್ ಕೂಡ ಅದಕ್ಕೆ ಮೆದುವಾಗುತ್ತವೆ. ಲೈನಿಂಗ್ ಕೊಳ್ಳುವಾಗ ಎಥನಾಲಿಗೆ ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದೆಯಾ ನೋಡಿ. ದೋಣಿಗೆ ಹಚ್ಚುವ ಸಾಮಾನ್ಯ ಫೈಬರ್ ರಾಳ ತಂದು ಸುರಿಯಬೇಡಿ, ಅದು ಮೆತ್ತಗಾಗುತ್ತದೆ. ಗಾಡಿ ನಿಲ್ಲಿಸುವುದಾದರೆ ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಇಡಬೇಡಿ.

ಪ್ರಶ್ನೆ (ತೀರ್ಥಹಳ್ಳಿಯವರು, ಮೂರು ವಾರದ ನಂತರ)

ಅಣ್ಣ, ಆಯಿತು! ಶಿವಮೊಗ್ಗದಲ್ಲಿ ವಯಸ್ಸಾದ ಒಬ್ಬ ಟಿಂಕರ್ ಸಿಕ್ಕಿದರು. ನೀರು ತುಂಬಿ ಮಾಡ್ತೀರಾ ಅಂತ ಕೇಳಿದೆ. "ಇಲ್ಲದಿದ್ದರೆ ನಾನು ಮಾಡೋದೇ ಇಲ್ಲಮ್ಮ" ಅಂದರು. ನಿಂಬೆ ಉಪ್ಪು ಹಾಕಿದ ಮೇಲೆ ಇನ್ನೂ ಒಂದು ತೂತು ಕಾಣಿಸಿತು. ಎರಡನ್ನೂ ಸೇರಿಸಿ ತಗಡು ಕತ್ತರಿಸಿ ಪಿತ್ತಳೆ ಬೆಸುಗೆ ಹಾಕಿದರು. ತೊಟ್ಟಿಯಲ್ಲಿ ಮುಳುಗಿಸಿದೆವು, ಒಂದು ಗುಳ್ಳೆಯೂ ಇಲ್ಲ. ಈಗ ಪೂರ್ತಿ ಹೊಸ ಪೇಂಟ್ ಮಾಡಿಸಲೇಬೇಕಾ?

ಉತ್ತರ

ತುಂಬ ಸಂತೋಷವಾಯಿತು ತಂಗಿ. ಆ ಹಿರಿಯರಿಗೆ ನನ್ನ ನಮಸ್ಕಾರ ಹೇಳಿ.

ಪೂರ್ತಿ ಪೇಂಟ್ ಬೇಡ. ಬೆಸುಗೆ ಬಿದ್ದಿರುವುದು ತಳದ ಮೂಲೆಯಲ್ಲಿ, ಕೂತು ನೋಡಿದರೂ ಕಾಣುವುದಿಲ್ಲ. ಆ ಜಾಗವನ್ನು ಬಿಸಿ ನೀರಿನಲ್ಲಿ ತಿಕ್ಕಿ ಫ್ಲಕ್ಸ್ (ಬೆಸುಗೆ ಹಿಡಿಯಲು ಹಾಕುವ ಪುಡಿ) ಪೂರ್ತಿ ತೆಗೆಸಿ. ಪುಡಿ ಉಳಿದರೆ ಅದರ ಕೆಳಗೇ ತುಕ್ಕು ಹಿಡಿಯುತ್ತದೆ. ಮೇಲೆ ಒಂದು ಕೋಟ್ ಪ್ರೈಮರ್, ಅದರ ಮೇಲೆ ಅದೇ ಬಣ್ಣ, ಅಂಗೈಯಗಲ ಸಾಕು. ಮೊಣಕಾಲು ತಾಗಿ ಸವೆದಲ್ಲಿ ತಗಡು ಕಾಣುತ್ತಿದ್ದರೆ ಬಣ್ಣ ಮುಟ್ಟಿಸಬೇಡಿ. ತಿಂಗಳಿಗೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಸ್ವಲ್ಪ ಮೇಣದ ಪಾಲಿಶ್ ಸವರಿ, ಆ ಗುರುತು ಹಾಗೇ ಇರುತ್ತದೆ.

ಮಳೆ ಶುರುವಾಗುವ ಮೊದಲು ಟ್ಯಾಂಕ್ ತುಂಬಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ. ಹದಿನೈದು ದಿನಕ್ಕೊಮ್ಮೆಯಾದರೂ ಓಡಿಸಿ, ಆ ಪೆಟ್ರೋಲ್ ಖರ್ಚಾಗಲಿ.